ಲೈನರ್‌ನಾಗಿನ ಬೂದಿ ಪುಡಿ: ಶಹಾಬಾದ್–ವಾಡಿ ಸೀಮೆಯ ವೆಲ್ಡಿಂಗ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕುಂತಿದ್ರೆ ಒಂದ್ಸಲ ಕಿಟಕಿ ಹೊರಗೆ ನೋಡ್ರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ರಸ್ತೆ ಹಿಡಿದರೂ ಒಂದು ವೆಲ್ಡಿಂಗ್ ಶೆಡ್ ಕಾಣ್ತದ. ಈ ಕಸುಬು ನಮ್ಮ ಕಡೆ ಹೆಂಗ ಬೇರೂರಿತು ಅನ್ನೋದು ಇವತ್ತಿನ ಕಥೆ. ಅದನ್ನ ನನಗೆ ಕಲಿಸಿದ್ದು ಕೆಟ್ಟು ನಿಂತ ಒಂದು ಮಷೀನ್.

ನಾನು ಚಿತ್ತಾಪುರದವ. ಅಣ್ಣನ ಶೆಡ್‌ನಾಗ ಟ್ರ್ಯಾಕ್ಟರ್ ಟ್ರಾಲಿ ಕಟ್ತೀವಿ. ಮೊದಲು ರಾಡ್ ವೆಲ್ಡಿಂಗ್ ಇತ್ತು, ಆಮೇಲೆ ಮಿಗ್ ಮಷೀನ್ ತಂದ್ವಿ. ಇದರಾಗ ಸುರುಳಿಯಿಂದ ವೈರ್ ತಾನೇ ಬರ್ತದ, ಟಾರ್ಚಿನ ತುದಿಯಲ್ಲಿ ಕರಗಿ ಬೆಸುಗೆ ಆಗ್ತದ. ಸುತ್ತ ಹರಿಯೋ ಗ್ಯಾಸ್, ಕರಗಿದ ಲೋಹಕ್ಕೆ ಗಾಳಿ ತಾಗದಂಗ ಕಾಯ್ತದ. ಪದೇ ಪದೇ ರಾಡ್ ಬದಲಿಸೋ ಗೋಜಿಲ್ಲ.

ತೊಗರಿ ರಾಶಿ ಹೊತ್ತಿನಾಗ ಮಷೀನ್ ಕೈಕೊಟ್ಟಿತು. ವೈರ್ ಸರಾಗ ಬರದೆ ಜಗ್ಗಿ ಜಗ್ಗಿ ಬರ್ತಿತ್ತು. ಬೆಸುಗೆ ಒಂದು ಕಡೆ ಗಂಟು, ಇನ್ನೊಂದು ಕಡೆ ತೆಳು. ನಾನು ಏನು ಮಾಡಿದೆ? ವೈರ್ ತಳ್ಳೋ ರೋಲರನ್ನ ಇನ್ನಷ್ಟು ಬಿಗಿ ಮಾಡಿದೆ. ವೈರ್ ರೋಲರ್ ಹತ್ತಿರಾನೇ ಹಕ್ಕಿಗೂಡಿನಂಗ ಸುತ್ತಿಕೊಂಡಿತು. ರಿಪೇರಿಯವರು ಫೋನಿನಾಗೇ "ಬೋರ್ಡ್ ಹೋಗ್ಯಾದ, ಹೊಸಾದು ಹಾಕ್ಬೇಕು" ಅಂದ್ರು. ಅಷ್ಟರಾಗ ಅದೇ ಮಷೀನಿನಿಂದ ಕೊಂಡಿ ಬೆಸೆದ ಎರಡು ಟ್ರಾಲಿ ಹಳ್ಳಿಗೆ ಹೋಗಿಬಿಟ್ಟಿದ್ವು.

ಶಹಾಬಾದಿನಿಂದ ನಮ್ಮ ಉಸ್ತಾದ್ ಬಂದರು. ವಯಸ್ಸು ಎಪ್ಪತ್ತು ದಾಟ್ಯಾದ. ಬೋರ್ಡ್ ಮುಟ್ಟಲೇ ಇಲ್ಲ. "ತಮ್ಮಾ, ಮೊದಲು ವೈರ್ ಬರೋ ದಾರಿ ನೋಡು" ಅಂದ್ರು. ಪ್ಲಗ್ ಕಿತ್ತರು. ಒಳಗಿನ ಕೆಪಾಸಿಟರ್‌ನಾಗ ಕರೆಂಟ್ ಉಳಿದಿರ್ತದ ಅಂತ ಮಷೀನಿನ ಹೊಟ್ಟೆಗೆ ಕೈ ಹಾಕಲಿಲ್ಲ. ಟಿಪ್ ಬಿಚ್ಚಿದರು, ಟಾರ್ಚಿನ ಕೇಬಲ್ ನೆಟ್ಟಗೆ ಚಾಚಿದರು, ರೋಲರ್ ಸಡಿಲಿಸಿ ವೈರನ್ನ ಕೈಯಿಂದ ಎಳೆದರು. ಬರಲಿಲ್ಲ. ಕೇಬಲ್ ಒಳಗಿನ ಲೈನರ್, ಅಂದ್ರ ವೈರ್ ಓಡಾಡೋ ಸ್ಪ್ರಿಂಗ್ ಕೊಳವೆ, ಹೊರಗೆ ತೆಗೆದು ಕಂಪ್ರೆಸರ್ ಗಾಳಿ ಬಿಟ್ಟರು. ಹಾಳೆ ಮ್ಯಾಲೆ ಎರಡು ಬಣ್ಣದ ಪುಡಿ ಬಿತ್ತು: ಬೂದಿ ಮತ್ತು ಕೆಂಪು.

"ಬೂದಿ ಪುಡಿ ನಮ್ಮೂರ್ದು. ಕೆಂಪು ಪುಡಿ ನೀ ಮಾಡಿದ್ದು" ಅಂದ್ರು.

ಕೆಂಪು ಪುಡಿ ವೈರಿನ ಮ್ಯಾಲಿನ ತಾಮ್ರದ ಲೇಪ. ರೋಲರ್ ಅತಿಯಾಗಿ ಬಿಗಿದದ್ದಕ್ಕೆ ಉದುರಿತ್ತು. ಬೂದಿ ಪುಡಿ ಕಲ್ಲಿಂದು, ಸಿಮೆಂಟಿಂದು. ಅದು ನಮ್ಮೂರ್ದು ಅಂದ್ರೆ ಏನು ಅಂತ ಕೇಳಿದೆ. ಆ ಸಂಜೆ ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು, ಎರಡೂ ಸೇರಿಸಿ ಹೇಳ್ತೀನಿ.

ನಮ್ಮ ಭೀಮಾ–ಕಾಗಿಣಾ ಸೀಮೆಯ ನೆಲದಡಿ ಸುಣ್ಣದಕಲ್ಲಿನ ಹಾಸು ಅದ. ಮನೆ ನೆಲಕ್ಕೆ ಹಾಸೋ ಶಹಾಬಾದ್ ಕಲ್ಲು ಅದೇ. ಮುಂಬೈ–ಮದ್ರಾಸ್ ರೈಲು ಈ ದಾರಿಯಲ್ಲೇ ಹಾದುಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಗಿ ವಾಡಿ ಜಂಕ್ಷನ್ ಆಯಿತು. ಕಲ್ಲೂ ಇತ್ತು, ರೈಲೂ ಬಂತು. 1920ರ ದಶಕದಲ್ಲಿ ಶಹಾಬಾದಿನಾಗ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದವು. 1968ರಲ್ಲಿ ವಾಡಿಯಲ್ಲಿ ಎಸಿಸಿ, 1980ರ ದಶಕದಲ್ಲಿ ಸೇಡಂ, ಮಳಖೇಡ, ಮುಂದೆ ಚಿಂಚೋಳಿ ತಾಲೂಕಿನಲ್ಲೂ ಕಾರ್ಖಾನೆ ಬಂದವು.

ಸಿಮೆಂಟ್ ಕಾರ್ಖಾನೆಯೊಳಗೆ ಕಲ್ಲು ಕಬ್ಬಿಣವನ್ನ ದಿನಾ ತಿಂತದ. ಕ್ರಷರ್, ಗಿರಣಿ, ಗೂಡು, ಪೈಪು ಎಲ್ಲಾ ಸವೀತಾವ. ಸವೆದದ್ದನ್ನ ಮತ್ತೆ ತುಂಬೋಕೆ ಬೆಸುಗೆಯವ ಬೇಕೇ ಬೇಕು. ಇದರ ಜೊತೆಗೆ ಎಸಿಸಿ, ವಿಕರ್ಸ್, ಬಾಬ್ಕಾಕ್ ಹೆಸರು ಕೂಡಿದ ಎವಿಬಿ ಕಾರ್ಖಾನೆ ಶಹಾಬಾದಿನಾಗ ಬಾಯ್ಲರ್ ಮತ್ತು ಸಿಮೆಂಟ್ ಯಂತ್ರ ತಯಾರಿಸ್ತಿತ್ತು. ಬಾಯ್ಲರಿನ ಬೆಸುಗೆ ಕಣ್ಣಿಗೆ ಚಂದ ಕಂಡ್ರೆ ಸಾಲದು, ಎಕ್ಸ್‌ರೇ ಹಾಕಿ ಒಳಗೆ ತೂತು, ಬಿರುಕು ಹುಡುಕ್ತಾರ. ನಮ್ಮ ಉಸ್ತಾದ್ ಕಂತ್ರಾಟು ಗ್ಯಾಂಗಿನಾಗ ಇಂಥ ಬಿಗಿ ಕೆಲಸ ಕಲಿತವರು.

ಒಂದು ಸೋಜಿಗ ನೋಡ್ರಿ. 1948ರ ಸೆಪ್ಟೆಂಬರ್ 17ಕ್ಕೆ ನಮ್ಮ ಸೀಮೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಆಯಿತು. ಅದೇ 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಮಿಗ್ ವಿಧಾನ ರೂಪುಗೊಂಡಿತು. ಆಗ ಬಳಸ್ತಿದ್ದ ಗ್ಯಾಸ್ ದುಬಾರಿ. 1953ರಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಕೆ ಶುರುವಾದ ಮ್ಯಾಲೆ ಕಬ್ಬಿಣದ ಕೆಲಸಕ್ಕೆ ಇದು ಅಗ್ಗ ಆಯಿತು. ನಮ್ಮ ರಸ್ತೆ ಬದಿ ಶೆಡ್‌ಗೆ ಬಂದದ್ದು ಬಹಳ ತಡವಾಗಿ, ಹಗುರ ಇನ್ವರ್ಟರ್ ಮಷೀನ್ ಕೈಗೆಟಕಿದ ಮ್ಯಾಲೆ.

ಮಷೀನ್ ಹೊಸದು, ಆದರ ಅದನ್ನ ಅರ್ಥ ಮಾಡ್ಕೊಳ್ಳೋ ಬುದ್ಧಿ ಕಾರ್ಖಾನೆ ಕಾಲದ್ದು. ಉಸ್ತಾದ್ ಹೇಳಿದ ಕ್ರಮ ಇಷ್ಟೇ: ಟಿಪ್, ಲೈನರ್, ರೋಲರ್, ಸುರುಳಿ. ಆಮೇಲೆ ಅರ್ಥ್ ಕ್ಲ್ಯಾಂಪ್, ಗ್ಯಾಸ್, ವೋಲ್ಟೇಜ್. ಬೋರ್ಡ್ ಕಟ್ಟಕಡೆಗೆ. 0.8 ಎಂಎಂ ವೈರ್ ಇದ್ರೆ ಟಿಪ್ಪೂ ಅಷ್ಟರದ್ದೇ, ರೋಲರಿನ ಗಾಡಿಯೂ ಅಷ್ಟರದ್ದೇ ಇರಬೇಕು. ಬೆಸುಗೆಯಲ್ಲಿ ಸಣ್ಣ ತೂತು ಬಿದ್ದರೆ ಗ್ಯಾಸ್ ನೋಡು, ಬಯಲಿನ ಗಾಳಿ ನೋಡು. ಸುರುಳಿಗೆ ಬಟ್ಟೆ ಮುಚ್ಚಿಡು, ಧೂಳು ಕೂಡಬಾರದು.

ಹೊಸ ಲೈನರ್ ಹಾಕಿದ್ವಿ, ವೈರ್ ನೀರಿನಂಗ ಬಂತು. ಬೋರ್ಡ್ ಸರಿಯಾಗೇ ಇತ್ತು. ಆದರ ಉಸ್ತಾದ್ ನಗಲಿಲ್ಲ. "ಹೊರಗೆ ಹೋದ ಟ್ರಾಲಿ ಎಷ್ಟು?" ಅಂದ್ರು. ತೊಗರಿ ಚೀಲದ ಮ್ಯಾಲೆ ಕೂಲಿ ಹೆಣ್ಣುಮಕ್ಕಳು ಕುಂತು ಬರ್ತಾರ. ಕೊಂಡಿ ಬಿಟ್ಟರೆ ಏನಾಗ್ತದ ಅಂತ ಅವರು ಬಿಡಿಸಿ ಹೇಳಲಿಲ್ಲ. ನಾನು ಆ ರಾತ್ರೀನೇ ಇಬ್ಬರು ರೈತರಿಗೆ ಫೋನ್ ಮಾಡಿದೆ. ಮರುದಿನ ಬೆಸುಗೆ ಗ್ರೈಂಡ್ ಮಾಡಿದಾಗ ಒಂದು ಕೊಂಡಿಯಲ್ಲಿ ಲೋಹ ಮ್ಯಾಲೆ ಮ್ಯಾಲೆ ಕುಂತಿತ್ತು, ಒಳಗೆ ಹಿಡಿದೇ ಇರಲಿಲ್ಲ. ರೊಕ್ಕ ತಗೊಳ್ಳದೆ ಎರಡನ್ನೂ ಹೊಸದಾಗಿ ಬೆಸೆದ್ವಿ.

ಎಕ್ಸ್‌ರೇ ಹಾಕೋರು ನಮ್ಮ ಶೆಡ್‌ಗೆ ಬರೋದಿಲ್ಲ. ಆ ಕಣ್ಣು ಈಗ ಉಸ್ತಾದ್‌ರಂಥವರ ಹತ್ತಿರ ಮಾತ್ರ ಉಳಿದದ. ನಿಮ್ಮ ಮನ್ಯಾಗ, ಓಣ್ಯಾಗ ಅಂಥವರಿದ್ರೆ ಇದೇ ಫೋನಿನಾಗ ರೆಕಾರ್ಡಿಂಗ್ ಒತ್ತಿ, ಪಕ್ಕದಾಗ ಕುಂತು ಕೇಳ್ರಿ. ನಾನು ಶುರು ಮಾಡೀನಿ. ಮತ್ತ ಸಿಗೋಣ್ರಿ.