ಕೇಳುವ ಕಿವಿಗೊಬ್ಬ ಗುರು

ಕುಡಿತದ ಚಟ ಹತ್ತಿದವನಿಗೆ ಬುದ್ಧಿ ಹೇಳದವರಾರು? ತಾಯಿ ಅತ್ತು ಹೇಳುತ್ತಾಳೆ, ಹಿರಿಯರು ಗದರಿಸಿ ಹೇಳುತ್ತಾರೆ. ಹೇಳಿದಷ್ಟೂ ಆತ ತನ್ನ ಕುಡಿತವನ್ನೇ ಸಮರ್ಥಿಸಿಕೊಳ್ಳುತ್ತಾನೆ. ಅಮೆರಿಕದ ಅನೇಕ ಚಿಕಿತ್ಸಾಲಯಗಳಲ್ಲಿಯೂ ಬಹುಕಾಲ ಇದೇ ರೀತಿ ನಡೆದಿತ್ತು. ರೋಗಿಯೊಡನೆ ವಾದಿಸಿ ತಪ್ಪೊಪ್ಪಿಸುವುದೇ ಚಿಕಿತ್ಸೆಯೆಂದು ಹಲವರು ಬಗೆದಿದ್ದರು.

1982ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಾರ್ವೆ ದೇಶಕ್ಕೆ ಹೋದರು. ಬೆರ್ಗೆನ್ ನಗರದ ಬಳಿಯ ಮದ್ಯವ್ಯಸನದ ಚಿಕಿತ್ಸಾಲಯವೊಂದರಲ್ಲಿ ಮನಶ್ಶಾಸ್ತ್ರಜ್ಞರ ಗುಂಪಿಗೆ ಅವರು ಪಾಠ ಹೇಳುತ್ತಿದ್ದರು. ಶಿಷ್ಯರು ರೋಗಿಗಳಂತೆ ನಟಿಸುವರು. ಗುರುಗಳು ಮಾತನಾಡಿಸಿ ತೋರಿಸುವರು. ಶಿಷ್ಯರು ಸುಮ್ಮನಿರಲಿಲ್ಲ. ನಡುನಡುವೆ ತಡೆದು, ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ, ಆ ಮಾತನ್ನೇಕೆ ಬಿಟ್ಟಿರಿ ಎಂದು ವಿಚಾರಿಸಿದರು. ಉತ್ತರ ಹುಡುಕುತ್ತ ಹೋದಂತೆ ಗುರುವಿಗೇ ತನ್ನ ಪದ್ಧತಿ ಸ್ಪಷ್ಟವಾಯಿತು. ಬದಲಾವಣೆಯ ಮಾತು ರೋಗಿಯ ಬಾಯಿಂದಲೇ ಬರಬೇಕು. ಚಿಕಿತ್ಸಕನು ಕಿವಿಗೊಟ್ಟು, ಅದನ್ನು ಹೊರತರಬೇಕು. 1983ರಲ್ಲಿ ಈ ಕುರಿತು ಅವರ ಲೇಖನ ಪ್ರಕಟವಾಯಿತು; 1991ರಲ್ಲಿ ಸ್ಟೀಫನ್ ರಾಲ್‌ನಿಕ್ ಅವರೊಡನೆ ಬರೆದ ಗ್ರಂಥ ಬಂದಿತು. ಇದೇ ‘ಪ್ರೇರಣಾ ಸಂದರ್ಶನ’.

ಪದ್ಧತಿಯೇನೋ ಸಿದ್ಧವಾಯಿತು, ಅದನ್ನು ಕಲಿಸುವ ಬಗೆ? ಎರಡು ದಿನಗಳ ಶಿಬಿರ ಸಾಕೆಂದು ಮೊದಲು ತೋರಿತು. 2001ರಲ್ಲಿ ಮಿಲ್ಲರ್ ಮತ್ತು ಮೌಂಟ್ ಒಂದು ಸಣ್ಣ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಶಿಬಿರ ಮುಗಿಸಿದವರು ತಾವು ಬಹಳ ಕಲಿತೆವೆಂದು ಬರೆದುಕೊಟ್ಟಿದ್ದರು. ಅವರ ಸಂಭಾಷಣೆಗಳ ಧ್ವನಿಮುದ್ರಣವಾದರೋ ಬೇರೆ ಕಥೆ ಹೇಳಿತು: ಕಲಿತದ್ದು ಅಲ್ಪ, ಎದುರಿಗೆ ಕುಳಿತವರ ಮಾತಿನಲ್ಲಿ ಬದಲಾವಣೆಯೇ ಕಾಣಲಿಲ್ಲ. 2004ರಲ್ಲಿ 140 ಚಿಕಿತ್ಸಕರನ್ನು ಐದು ಗುಂಪು ಮಾಡಿ ನೋಡಲಾಯಿತು. ಶಿಬಿರದ ನಂತರವೂ ಧ್ವನಿಮುದ್ರಣ ಕೇಳಿ ಗುಣದೋಷ ತಿಳಿಸಿದ ಅಥವಾ ತಿದ್ದಿ ಹೇಳಿಕೊಟ್ಟ ಗುಂಪುಗಳಲ್ಲಿ ಕಲಿತದ್ದು ಹೆಚ್ಚು ಉಳಿಯಿತು.

ಹೀಗೆ ಭಾರವೆಲ್ಲ ಚಿಕಿತ್ಸಾಲಯದ ಮೇಲ್ವಿಚಾರಕನ ಮೇಲೆ ಬಿದ್ದಿತು. 2006ರ ವೇಳೆಗೆ ಅಮೆರಿಕದ ಸರ್ಕಾರಿ ಸಂಸ್ಥೆಗಳು ಮೇಲ್ವಿಚಾರಕರಿಗೆಂದೇ ಕೈಪಿಡಿಯೊಂದನ್ನು ಹೊರತಂದವು. ಹಾಜರಿ ಪುಸ್ತಕ ನೋಡಿದರೆ ಸಾಲದು. ರೋಗಿಯ ಒಪ್ಪಿಗೆ ಪಡೆದು ಮುದ್ರಿಸಿದ ಸಂಭಾಷಣೆಯನ್ನು ಆತ ಕುಳಿತು ಕೇಳಬೇಕು, ತೂಗಿ ನೋಡಬೇಕು. ತನ್ನ ಕೈಕೆಳಗಿನವನನ್ನು ಗದರಿಸಿದರೆ ಅವನೂ ವಾದಕ್ಕೆ ನಿಲ್ಲುವನು. ಆದುದರಿಂದ ರೋಗಿಗೆ ತೋರಬೇಕೆನ್ನುವ ತಾಳ್ಮೆಯನ್ನು ಮೇಲ್ವಿಚಾರಕನು ಮೊದಲು ಚಿಕಿತ್ಸಕನಿಗೆ ತೋರಬೇಕು.

ನಾನು ಚೆನ್ನಾಗಿ ಕೇಳುತ್ತೇನೆಂದು ನಾವೆಲ್ಲರೂ ನಂಬಿದ್ದೇವೆ. ಅದು ನಿಜವೇ ಎಂದು ಹೇಳಲು ಇನ್ನೊಬ್ಬರ ಕಿವಿ ಬೇಕು.