ಮನೆಯಲ್ಲಿ ಹಲವು ಬೆಕ್ಕುಗಳಿವೆಯೇ? ಒಂದೊಂದರ ಊಟ, ತೂಕ, ಮೂತ್ರದ ಲೆಕ್ಕ ಬೇರೆಬೇರೆ ಇರಲಿ

ಒಂದೇ ಬೆಕ್ಕಿರುವ ಮನೆಯಲ್ಲಿ ಬಟ್ಟಲಿನ ಆಹಾರ ಹಾಗೇ ಉಳಿದರೆ ಅದು ತಿಂದಿಲ್ಲ ಎಂಬುದು ಬೆಳಿಗ್ಗೆಯೇ ತಿಳಿದುಬಿಡುತ್ತದೆ. ಐದು ಬೆಕ್ಕುಗಳಿರುವ ಮನೆಯಲ್ಲಿ ಬಟ್ಟಲು ಯಾವಾಗಲೂ ಖಾಲಿ. ಒಂದು ಬಿಟ್ಟಿದ್ದನ್ನು ಇನ್ನೊಂದು ನೆಕ್ಕಿ ಮುಗಿಸಿರುತ್ತದೆ. ಎಲ್ಲವೂ ಹೊಟ್ಟೆ ತುಂಬಾ ತಿಂದಿವೆ ಎಂದುಕೊಂಡು ಮನೆಯವರು ಕೆಲಸಕ್ಕೆ ಹೊರಡುತ್ತಾರೆ. ಮೂರನೇ ದಿನ ಮಂಚದ ಕೆಳಗೆ ಮುದುಡಿ ಕೂತ ಬೆಕ್ಕನ್ನು ಎತ್ತಿಕೊಂಡಾಗ ಅದರ ಮೈ ಹಗುರಾಗಿರುವುದು ಗಮನಕ್ಕೆ ಬರುತ್ತದೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳ ಫ್ಲಾಟ್‌ಗಳಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಆರೇಳು ಬೆಕ್ಕುಗಳನ್ನು ಸಾಕುವವರಿದ್ದಾರೆ. ಮಳೆಗಾಲದಲ್ಲಿ ಪಾರ್ಕಿಂಗ್ ಜಾಗದಲ್ಲಿ ಸಿಕ್ಕ ಮರಿ, ನೆರೆಯವರು ಮನೆ ಖಾಲಿ ಮಾಡುವಾಗ ಕೊಟ್ಟುಹೋದ ಪರ್ಷಿಯನ್ ಬೆಕ್ಕು, ಅದಕ್ಕೆ ಜೊತೆಯಾಗಲೆಂದು ತಂದ ಮತ್ತೊಂದು, ಹೀಗೆ ಸಂಖ್ಯೆ ಬೆಳೆಯುತ್ತದೆ. ಇಂಥ ಮನೆಗಳಲ್ಲಿ ಖರ್ಚು ಮತ್ತು ಶುಚಿತ್ವಕ್ಕಿಂತ ದೊಡ್ಡ ಸಮಸ್ಯೆ ಎಂದರೆ ಗುಂಪಿನ ನಡುವೆ ಒಂದರ ಕಾಯಿಲೆ ಕಣ್ಣಿಗೆ ಬೀಳದೇ ಹೋಗುವುದು. ಅದನ್ನು ತಪ್ಪಿಸಲು ದಿನಚರಿಯಲ್ಲಿ ಏನೇನು ಇರಬೇಕು ಎಂಬ ವಿವರ ಇಲ್ಲಿದೆ.

ಬೆಕ್ಕು ನೋವನ್ನು ಬಚ್ಚಿಡುತ್ತದೆ

ಸಾಕುಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗುವ ಭಯವೂ ಅದಕ್ಕಿತ್ತು. ಹಾಗಾಗಿ ನೋವನ್ನು ತೋರಿಸಿಕೊಳ್ಳದಿರುವುದು ಬೆಕ್ಕಿನ ಸ್ವಭಾವ. ನಾಯಿಯಂತೆ ಕುಂಟುತ್ತಾ, ಕುಂಯ್‌ಗುಡುತ್ತಾ ಹತ್ತಿರ ಬರುವುದಿಲ್ಲ. ಮೂಲೆ ಹಿಡಿಯುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಎತ್ತರದ ಕಪಾಟಿಗೆ ಜಿಗಿಯುವುದನ್ನು ನಿಲ್ಲಿಸುತ್ತದೆ. ನಾಲ್ಕು ಬೆಕ್ಕುಗಳ ಓಡಾಟದ ನಡುವೆ ಈ ಬದಲಾವಣೆಗಳು ಸುಲಭವಾಗಿ ತಪ್ಪಿಹೋಗುತ್ತವೆ.

ಊಟದ ಬಟ್ಟಲು ಬೇರೆಬೇರೆ

ಎಲ್ಲಕ್ಕೂ ಒಂದೇ ದೊಡ್ಡ ತಟ್ಟೆಯಲ್ಲಿ ಆಹಾರ ಹಾಕುವ ಅಭ್ಯಾಸವನ್ನು ಮೊದಲು ಬಿಡಬೇಕು. ಪ್ರತಿ ಬೆಕ್ಕಿಗೂ ಪ್ರತ್ಯೇಕ ಬಟ್ಟಲು ಇರಲಿ. ಬಟ್ಟಲುಗಳು ಸಾಲಾಗಿ ಪಕ್ಕಪಕ್ಕ ಇರದೆ, ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ಇದ್ದರೆ ಒಳ್ಳೆಯದು. ದಿನವಿಡೀ ಆಹಾರ ತುಂಬಿಡುವ ಬದಲು ಬೆಳಿಗ್ಗೆ, ಸಂಜೆ ನಿಗದಿತ ಹೊತ್ತಿಗೆ ಕೊಟ್ಟು, ಇಪ್ಪತ್ತು ನಿಮಿಷದ ನಂತರ ಬಟ್ಟಲು ಎತ್ತಿಡಿ. ಯಾವುದು ತಿಂದಿತು, ಯಾವುದು ಮೂಸಿ ನೋಡಿ ಹೋಯಿತು ಎಂಬುದು ಆಗ ಗೊತ್ತಾಗುತ್ತದೆ. ಚಿಕ್ಕ ಮರಿಗಳಿಗೆ ಮಾತ್ರ ದಿನಕ್ಕೆ ಮೂರು ನಾಲ್ಕು ಬಾರಿ ಆಹಾರ ಬೇಕು.

ದೊಡ್ಡ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು. ಎರಡು ಮೂರು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಯಕೃತ್ತು ಕೆಲಸ ನಿಲ್ಲಿಸುವ ಅಪಾಯವಿದೆ. ದಪ್ಪಗಿರುವ ಬೆಕ್ಕುಗಳಲ್ಲಿ ಈ ಅಪಾಯ ಹೆಚ್ಚು.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ ಹಾಕುವುದು ಹಳೆಯ ರೂಢಿ. ಆದರೆ ಬೆಕ್ಕು ಮಾಂಸವನ್ನೇ ಅವಲಂಬಿಸಿದ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಅನ್ನದಲ್ಲಿ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ದುರ್ಬಲವಾಗುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿಗಳು ತೋರಿಸಿದರು. ಕೊರತೆ ಮುಂದುವರಿದರೆ ಕಣ್ಣಿನ ದೃಷ್ಟಿಯೂ ಹೋಗುತ್ತದೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡಿದ್ದು ಬಾಯಿ ಸುಟ್ಟುಕೊಂಡಿದ್ದಕ್ಕೆ. ಆದರೆ ಹಾಲು ತಣ್ಣಗಿದ್ದರೂ ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಭೇದಿ ಆಗುತ್ತದೆ. ಬೆಕ್ಕುಗಳಿಗೆಂದೇ ತಯಾರಾದ ಸಂಪೂರ್ಣ ಆಹಾರ, ಅದರ ಜೊತೆ ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮೀನು ಕೊಡಬಹುದು.

ಬೆಕ್ಕಿಗೆ ಬಾಯಾರಿಕೆ ಕಡಿಮೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು. ಒಣ ಆಹಾರ ಮಾತ್ರ ತಿನ್ನುವ ಬೆಕ್ಕಿಗೆ ಇದು ಸಾಲದೇ ಹೋಗುತ್ತದೆ. ಅಗಲವಾದ ನೀರಿನ ಬಟ್ಟಲುಗಳನ್ನು ಮನೆಯ ಎರಡು ಮೂರು ಕಡೆ, ಊಟದ ಜಾಗದಿಂದ ಸ್ವಲ್ಪ ದೂರದಲ್ಲಿ ಇಟ್ಟರೆ ಹೆಚ್ಚು ಕುಡಿಯುತ್ತವೆ.

ಲಿಟರ್ ಟ್ರೇ: ಬೆಕ್ಕಿಗೊಂದು, ಮೇಲೊಂದು

ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಲಿಟರ್ ಟ್ರೇ ಇರಬೇಕು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಮೂರು ಬೆಕ್ಕುಗಳಿದ್ದರೆ ನಾಲ್ಕು ಟ್ರೇ. ನಾಲ್ಕನ್ನೂ ಒಂದೇ ಬಾತ್‌ರೂಮಿನಲ್ಲಿ ಸಾಲಾಗಿ ಇಟ್ಟರೆ ಪ್ರಯೋಜನವಿಲ್ಲ. ಬೆಕ್ಕುಗಳ ಲೆಕ್ಕದಲ್ಲಿ ಅದು ಒಂದೇ ಜಾಗ. ಗುಂಪಿನ ಜೋರುಬೆಕ್ಕು ಬಾಗಿಲಲ್ಲಿ ಸುಮ್ಮನೆ ಕೂತರೂ ಸಾಕು, ಪುಕ್ಕಲು ಬೆಕ್ಕು ಒಳಗೆ ಹೋಗದೆ ಮೂತ್ರ ಕಟ್ಟಿಕೊಳ್ಳುತ್ತದೆ, ಇಲ್ಲವೇ ಸೋಫಾ ಮೇಲೆ ಮಾಡುತ್ತದೆ. ಕಚ್ಚಾಟವಿಲ್ಲದ ಇಂಥ ದಬ್ಬಾಳಿಕೆ ಮನೆಯವರ ಗಮನಕ್ಕೆ ಬರುವುದೇ ಕಡಿಮೆ. ಜಾಗ ಸಾಲದ ಫ್ಲಾಟ್‌ನಲ್ಲಿ ಕನಿಷ್ಠ ಎರಡು ಬೇರೆ ಕೋಣೆಗಳಲ್ಲಾದರೂ ಟ್ರೇಗಳನ್ನು ಹಂಚಿಡಿ.

ದಿನಕ್ಕೆ ಎರಡು ಬಾರಿ ಟ್ರೇ ಶುಚಿ ಮಾಡುವಾಗ ಗಟ್ಟಿಯಾದ ಮೂತ್ರದ ಉಂಡೆಗಳ ಸಂಖ್ಯೆ, ಗಾತ್ರವನ್ನು ಗಮನಿಸಿ. ಉಂಡೆಗಳು ಏಕಾಏಕಿ ದೊಡ್ಡದಾದರೆ ಯಾವುದೋ ಒಂದು ಬೆಕ್ಕಿಗೆ ಮೂತ್ರಪಿಂಡದ ತೊಂದರೆ ಅಥವಾ ಮಧುಮೇಹ ಶುರುವಾಗಿರಬಹುದು. ಯಾವುದಕ್ಕೆ ಎಂದು ತಿಳಿಯಲು ಅನುಮಾನವಿರುವ ಬೆಕ್ಕನ್ನು ಒಂದು ರಾತ್ರಿ ಬೇರೆ ಕೋಣೆಯಲ್ಲಿ ನೀರು, ಆಹಾರ, ಟ್ರೇ ಸಹಿತ ಇರಿಸಿ. ಭೇದಿ, ವಾಂತಿ ಯಾವುದರದ್ದು ಎಂದು ಕಂಡುಹಿಡಿಯಲೂ ಇದೇ ಉಪಾಯ.

ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ

ಹಲವು ಬೆಕ್ಕುಗಳ ಮನೆಯಲ್ಲಿ ತಡವಾಗಿ ಗೊತ್ತಾಗುವ, ತಡವಾದರೆ ಜೀವ ತೆಗೆಯುವ ತೊಂದರೆ ಇದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು ಅಥವಾ ಲೋಳೆಯ ಮುದ್ದೆ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡುತ್ತದೆ. ಒಂದೆರಡು ದಿನದೊಳಗೆ ಪ್ರಾಣಕ್ಕೇ ಅಪಾಯ.

ಲಕ್ಷಣಗಳು ಹೀಗಿವೆ: ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುವುದು, ಹನಿ ಮೂತ್ರವೂ ಬಾರದಿರುವುದು, ಕೂಗುವುದು, ಗುಪ್ತಾಂಗವನ್ನು ಪದೇಪದೇ ನೆಕ್ಕುವುದು, ನಂತರ ವಾಂತಿ ಮತ್ತು ಸುಸ್ತು. ಇದನ್ನು ಮಲಬದ್ಧತೆ ಎಂದು ತಿಳಿದು ಮನೆಮದ್ದು ಮಾಡುತ್ತಾ ಕೂರಬಾರದು. ರಾತ್ರಿಯೇ ಆಗಲಿ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ವಾರಕ್ಕೊಮ್ಮೆ ತೂಕ

ಪ್ರತಿ ಬೆಕ್ಕಿನ ತೂಕವನ್ನು ವಾರಕ್ಕೊಮ್ಮೆ ಬರೆದಿಡುವುದು ಖರ್ಚಿಲ್ಲದ ಒಳ್ಳೆಯ ತಪಾಸಣೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ಬೆಕ್ಕಿನ ಬುಟ್ಟಿಯನ್ನು ನೇತುಹಾಕಿ ತೂಗಬಹುದು. ಬುಟ್ಟಿಯ ತೂಕ ಕಳೆದರಾಯಿತು. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಅದು ದೇಹತೂಕದ ಹತ್ತನೇ ಒಂದು ಭಾಗ. 60 ಕಿಲೋ ತೂಗುವ ಮನುಷ್ಯ 6 ಕಿಲೋ ಇಳಿದಂತೆ. ರೋಮದಿಂದಾಗಿ ಇದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ತೂಗುವಾಗಲೇ ಬಾಯಿ, ಕಿವಿ, ಕಣ್ಣು, ಚರ್ಮ ನೋಡಿಬಿಡಿ. ಒಸಡು ಕೆಂಪಾಗಿದೆಯೇ, ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕೊಳೆ ಇದೆಯೇ ಎಂದು ಗಮನಿಸಿ. ಆ ಕಪ್ಪು ಕೊಳೆ ಕಿವಿಯ ನುಸಿಯ ಲಕ್ಷಣವಾಗಿರಬಹುದು. ಒಂದಕ್ಕೆ ಬಂದರೆ ಎಲ್ಲಕ್ಕೂ ಚಿಕಿತ್ಸೆ ಬೇಕಾಗುತ್ತದೆ. ನಿದ್ದೆಯಲ್ಲಿರುವ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ವೈದ್ಯರಿಗೆ ತಿಳಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ತುರ್ತುಸ್ಥಿತಿ.

ಹೊಸ ಬೆಕ್ಕು ಬಂದಾಗ

ಬೀದಿಯಿಂದ ತಂದ ಮರಿಯನ್ನು ನೇರವಾಗಿ ಉಳಿದ ಬೆಕ್ಕುಗಳ ನಡುವೆ ಬಿಡುವುದು ದೊಡ್ಡ ತಪ್ಪು. ಕನಿಷ್ಠ ಎರಡು ವಾರ ಅದನ್ನು ಬೇರೆ ಕೋಣೆಯಲ್ಲಿಡಿ. ಬಟ್ಟಲು, ಟ್ರೇ, ಹಾಸಿಗೆ ಎಲ್ಲವೂ ಬೇರೆ. ಮನೆಯ ಬೆಕ್ಕುಗಳ ಕೆಲಸ ಮೊದಲು ಮುಗಿಸಿ ಹೊಸದರ ಬಳಿ ಕೊನೆಗೆ ಹೋಗಿ, ಬಳಿಕ ಕೈಗಳನ್ನು ಸೋಪಿನಿಂದ ತೊಳೆಯಿರಿ.

ಇದಕ್ಕೆ ಮುಖ್ಯ ಕಾರಣ ಪ್ಯಾನ್‌ಲ್ಯೂಕೋಪೀನಿಯಾ. ಪಾರ್ವೊ ಗುಂಪಿನ ಈ ವೈರಸ್ ತಗುಲಿದ ಮರಿಗಳು ವಾಂತಿ, ಭೇದಿ, ನಿರ್ಜಲೀಕರಣದಿಂದ ಕೆಲವೇ ದಿನಗಳಲ್ಲಿ ಸಾಯುತ್ತವೆ. ವೈರಸ್ ನೆಲ, ಬಟ್ಟೆ, ಬುಟ್ಟಿಗಳಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಸ್ಯಾನಿಟೈಸರ್ ಇದಕ್ಕೆ ಸಾಲದು. 32 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಒಣಗಿದ ಮೇಲೆ ಬೆಕ್ಕುಗಳನ್ನು ಬಿಡಬೇಕು. ಫಿನಾಲ್ ಇರುವ ಫಿನಾಯಿಲ್ ಬೆಕ್ಕಿಗೆ ವಿಷ. ನೆಲ ಒರೆಸಲು ಅದನ್ನು ಬಳಸಬೇಡಿ.

ಫೆಲೈನ್ ಲ್ಯುಕೇಮಿಯಾ ಮತ್ತು ಎಫ್‌ಐವಿ ವೈರಸ್‌ಗಳ ರಕ್ತಪರೀಕ್ಷೆಯನ್ನೂ ಈ ಅವಧಿಯಲ್ಲಿ ಮಾಡಿಸಬಹುದು. ಮೊದಲನೆಯದು ಎಂಜಲಿನಿಂದ, ಹಂಚಿಕೊಂಡ ಬಟ್ಟಲಿನಿಂದಲೂ ಹರಡುತ್ತದೆ. ಎರಡನೆಯದು ಹೆಚ್ಚಾಗಿ ಕಚ್ಚಾಟದ ಗಾಯದಿಂದ ಹರಡುತ್ತದೆ. ಇವೆರಡೂ ಮನುಷ್ಯರಿಗೆ ಬರುವುದಿಲ್ಲ.

ಎಫ್‌ಐಪಿ ಎಂಬ ರೋಗ ಬೆಕ್ಕುಗಳ ಕೊರೊನಾವೈರಸ್ ರೂಪಾಂತರಗೊಂಡಾಗ ಬರುತ್ತದೆ. ಮೂಲ ವೈರಸ್ ಹಂಚಿಕೊಂಡ ಟ್ರೇಗಳ ಮೂಲಕ ಹರಡುವುದರಿಂದ ಹೆಚ್ಚು ಬೆಕ್ಕುಗಳಿರುವ ಮನೆಗಳಲ್ಲೇ ಇದರ ಕಾಟ ಜಾಸ್ತಿ. ಹಿಂದೆ ಇದು ಬಂದರೆ ಸಾವು ಬಹುತೇಕ ಖಚಿತವಾಗಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಿಎಸ್-441524 ಎಂಬ ಔಷಧಿ ಪಡೆದ ಬಹುಪಾಲು ಬೆಕ್ಕುಗಳು ಚೇತರಿಸಿಕೊಂಡವು. ಕಡಿಮೆಯಾಗದ ಜ್ವರ, ಹೊಟ್ಟೆಯಲ್ಲಿ ನೀರು ತುಂಬುವುದು ಕಂಡರೆ ಈ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ಪರಿಚಯವೂ ನಿಧಾನವಾಗಿಯೇ ಆಗಲಿ. ಮೊದಲು ಬಟ್ಟೆಗಳ ಮೂಲಕ ವಾಸನೆಯ ವಿನಿಮಯ, ನಂತರ ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ, ಕೊನೆಗೆ ಮುಖಾಮುಖಿ. ಆಸ್ಪತ್ರೆಯಿಂದ ಮರಳಿದ ಹಳೆಯ ಬೆಕ್ಕಿನ ಮೇಲೂ ಉಳಿದವು ಗುರುಗುಟ್ಟುವುದುಂಟು. ಅದರ ಮೈಯಲ್ಲಿ ಮನೆಯ ವಾಸನೆ ಇಲ್ಲದಿರುವುದೇ ಕಾರಣ. ಒಂದು ದಿನ ಬೇರೆ ಇಟ್ಟರೆ ಸರಿಹೋಗುತ್ತದೆ.

ಲಸಿಕೆ, ಜಂತುಮದ್ದು, ಸಂತಾನಹರಣ

ಮರಿಗಳಿಗೆ 6ರಿಂದ 8 ವಾರದಲ್ಲಿ ಮೂರು ರೋಗಗಳ ಲಸಿಕೆ ಶುರುವಾಗಿ, 16 ವಾರ ತುಂಬುವವರೆಗೆ 3-4 ವಾರಗಳಿಗೊಮ್ಮೆ ಮುಂದುವರಿಯುತ್ತದೆ. ರೇಬಿಸ್ ಲಸಿಕೆ 12 ವಾರದ ನಂತರ. ಮುಂದಿನ ಡೋಸ್‌ಗಳ ದಿನಾಂಕವನ್ನು ವೈದ್ಯರು ಬರೆದುಕೊಡುತ್ತಾರೆ. ಮನೆಯಿಂದ ಹೊರಗೇ ಹೋಗದ ಬೆಕ್ಕಿಗೂ ಲಸಿಕೆ ಬೇಕು. ವೈರಸ್ ಚಪ್ಪಲಿಗೆ ಅಂಟಿಕೊಂಡೂ ಒಳಗೆ ಬರುತ್ತದೆ. ಜಂತುಮದ್ದನ್ನು ಎಲ್ಲಕ್ಕೂ ಒಂದೇ ದಿನ, ಒಂದೊಂದರ ತೂಕ ನೋಡಿ ಕೊಡಬೇಕು.

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭಾವಧಿ ಸುಮಾರು 9 ವಾರ ಮಾತ್ರ. ಒಡಹುಟ್ಟಿದ ಗಂಡು, ಹೆಣ್ಣು ಮರಿಗಳೂ ಕೂಡುತ್ತವೆ. ಆದ್ದರಿಂದ ಐದು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಕ್ಷೇಮ. ಇದರಿಂದ ಗಂಡುಗಳ ಜಗಳ, ಗೋಡೆಗೆ ಮೂತ್ರ ಸಿಂಪಡಿಸುವುದು ತಗ್ಗುತ್ತದೆ. ಹೆಣ್ಣುಗಳಲ್ಲಿ ಗರ್ಭಕೋಶದ ಸೋಂಕು ತಪ್ಪುತ್ತದೆ, ಸ್ತನ ಕ್ಯಾನ್ಸರ್‌ನ ಸಾಧ್ಯತೆಯೂ ಕಡಿಮೆಯಾಗುತ್ತದೆ.

ಮನೆಯೊಳಗಿನ ಅಪಾಯಗಳು

ಜ್ವರಕ್ಕೆಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡಲೇಬಾರದು. ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು. ನಾಯಿಗಳ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಹನಿಮದ್ದೂ ಹಾಗೆಯೇ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ನಾಶಮಾಡುತ್ತವೆ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಮೂತ್ರಪಿಂಡ ಹಾಳಾಗುತ್ತದೆ.

ಎತ್ತರದ ಕಟ್ಟಡಗಳಲ್ಲಿ ಬಾಲ್ಕನಿ, ಕಿಟಕಿಗಳಿಗೆ ಗಟ್ಟಿ ಬಲೆ ಬೇಕೇ ಬೇಕು. ಪಾರಿವಾಳದ ಹಿಂದೆ ಹಾರಿ ಬೀಳುವ ಬೆಕ್ಕುಗಳು ಕಡಿಮೆಯಿಲ್ಲ. ಪಾರಿವಾಳ ತಡೆಯುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಹುದು. ತಿಂಗಳಿಗೊಮ್ಮೆ ಪರೀಕ್ಷಿಸಿ.

ಮನೆಮಂದಿಯ ಆರೋಗ್ಯ

ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕುಗಳನ್ನು ಹೊರಹಾಕಬೇಕಿಲ್ಲ. ಟಾಕ್ಸೊಪ್ಲಾಸ್ಮಾ ಪರಾವಲಂಬಿ ಮಲದಲ್ಲಿ ಹೊರಬಂದು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಟ್ರೇಯನ್ನು ದಿನವೂ ಬೇರೆಯವರು ಶುಚಿ ಮಾಡಿದರೆ ಅಪಾಯ ಬಹಳ ಕಡಿಮೆ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ. ಬೆಕ್ಕಿನ ಚರ್ಮದಲ್ಲಿ ದುಂಡಗೆ ರೋಮ ಉದುರಿದರೆ ಅದು ಹುಳುಕಡ್ಡಿ ಆಗಿರಬಹುದು, ಮಕ್ಕಳಿಗೂ ಹರಡುತ್ತದೆ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ವೈದ್ಯರನ್ನು ಕಾಣಿ.

ಊರಿಗೆ ಹೊರಟಾಗ

ಯುಗಾದಿ, ದೀಪಾವಳಿಗೆ ಊರಿಗೆ ಹೋಗುವಾಗ ಬಟ್ಟಲು ತುಂಬಿಸಿ ಬಾಗಿಲು ಹಾಕಿ ಹೋಗಬೇಡಿ. ದಿನಕ್ಕೊಮ್ಮೆಯಾದರೂ ಬಂದು ಎಲ್ಲ ಬೆಕ್ಕುಗಳನ್ನು ಕಣ್ಣಾರೆ ನೋಡುವವರು ಬೇಕು. ಪ್ರತಿ ಬೆಕ್ಕಿನ ಫೋಟೊ, ಹೆಸರು, ತಿನ್ನುವ ಅಭ್ಯಾಸ, ಅಡಗುವ ಜಾಗ, ಕೊಡಬೇಕಾದ ಔಷಧಿ, ವೈದ್ಯರ ಫೋನ್ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಡಿ. ಮುಂಬೈನ ಪರೇಲ್, ಚೆನ್ನೈನ ವೇಪೇರಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಪರೀಕ್ಷೆ, ಶಸ್ತ್ರಚಿಕಿತ್ಸೆಗಳಿಗೆ ಅಲ್ಲಿನ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು.

ಇನ್ನೊಂದು ಬೆಕ್ಕನ್ನು ಮನೆಗೆ ಸೇರಿಸುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಈಗಿರುವ ಬೆಕ್ಕುಗಳಲ್ಲಿ ಪ್ರತಿಯೊಂದೂ ನಿನ್ನೆ ಎಷ್ಟು ತಿಂದಿತು, ಟ್ರೇಗೆ ಹೋಯಿತೇ, ಕಳೆದ ವಾರ ಎಷ್ಟು ತೂಗಿತು ಎಂದು ಹೇಳಲು ಸಾಧ್ಯವಾದರೆ ಹೊಸದಕ್ಕೂ ಜಾಗವಿದೆ ಎಂದರ್ಥ. ಹೇಳಲಾಗದಿದ್ದರೆ ಆ ಮರಿಗೆ ಬೇರೆ ಒಳ್ಳೆಯ ಮನೆ ಹುಡುಕಿಕೊಡುವುದೇ ಉತ್ತಮ.