ಸ್ವರಲಿಪಿ ತಂತ್ರಾಂಶದಲ್ಲಿ ಮೊದಲ ಪುಟದ ವಿನ್ಯಾಸ

ಸ್ವರಲಿಪಿ ತಂತ್ರಾಂಶದಲ್ಲಿ ಮೊದಲ ಪುಟದ ವಿನ್ಯಾಸವೆಂದರೆ ಕೃತಿಯ ಹಾಗೂ ಸಂಯೋಜಕರ ಹೆಸರಿಗೆ ಮೊದಲ ಪುಟದ ಮೇಲ್ಭಾಗದಲ್ಲಿ ಸ್ಥಳ ಒದಗಿಸುವ ಕ್ರಮ. ಇದಕ್ಕಾಗಿ ಪುಟದ ಅಂಚನ್ನೇ ಹೆಚ್ಚಿಸಿದರೆ ಉಳಿದ ಪುಟಗಳಲ್ಲಿಯೂ ಜಾಗ ವ್ಯರ್ಥವಾಗುತ್ತದೆ. ಆದ್ದರಿಂದ ಮ್ಯೂಸ್‌ಸ್ಕೋರ್‌ನಲ್ಲಿ ಶೀರ್ಷಿಕೆಯನ್ನು ಲಂಬ ಚೌಕಟ್ಟಿನಲ್ಲಿ ಇರಿಸಲಾಗುತ್ತದೆ. ಚೌಕಟ್ಟಿನ ಎತ್ತರವನ್ನು ಬದಲಿಸಿದಾಗ ಅಂಚುಗಳು ಹಾಗೆಯೇ ಉಳಿದು ಸ್ವರಲಿಪಿಯ ಮೊದಲ ಸಾಲು ಮಾತ್ರ ಸರಿಯುತ್ತದೆ. ಲಿಲಿಪಾಂಡ್‌ನಲ್ಲಿ ಶೀರ್ಷಿಕೆ ಮತ್ತು ಮೊದಲ ಸಾಲಿನ ನಡುವಣ ಅಂತರಕ್ಕೆ ಪ್ರತ್ಯೇಕ ಚರವಿದೆ.

ಕಾಗದದ ಅಳತೆ

ಭಾರತದಲ್ಲಿ ರೂಢಿಯಲ್ಲಿರುವ ಎ4 ಹಾಳೆಯ ಅಳತೆ 210 × 297 ಮಿ.ಮೀ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ನಕಲು ಕಾಗದವೂ ಈ ಅಳತೆಯಲ್ಲಿ ದೊರೆಯುತ್ತದೆ. ಅಮೆರಿಕದ ಲೆಟರ್ ಹಾಳೆ ಸುಮಾರು 216 × 279 ಮಿ.ಮೀ. ಇದೆ. ಲೆಟರ್‌ಗೆ ಹೊಂದಿಸಿದ ಕಡತವನ್ನು ಎ4ಗೆ ಬದಲಿಸಿದಾಗ ಸಾಲುಗಳು ಮರುಹಂಚಿಕೆಯಾಗಿ, ವಾದಕರು ಪುಟ ತಿರುಗಿಸಬೇಕಾದ ಸ್ಥಾನವೂ ಬದಲಾಗಬಹುದು. ಆದಕಾರಣ ಮೊದಲು ಕಾಗದದ ಅಳತೆ, ಅನಂತರ ಅಂಚು, ಕೊನೆಯಲ್ಲಿ ಶೀರ್ಷಿಕೆಯ ಸ್ಥಳವನ್ನು ನಿಗದಿಪಡಿಸುವುದು ಅನುಕೂಲಕರ.